ಮನ್ಯಾಗ ಮೊಲ ಎಲ್ಲಿಂದ ಬಂತ

ನಾನು ಪಿಯುಸಿಗೆ ಸೇರಿದ ವರ್ಷ ಕೊರೊನಾದಿಂದಾಗಿ ಕಾಲೇಜಿನ ಬಾಗಿಲು ತೆರೆದಿರಲಿಲ್ಲ. ಜಯನಗರದ ಆ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಪುಸ್ತಕ ಬಂತು, ಪಾಠವೂ ಶುರುವಾಯಿತು. ಆದರೆ ತರಗತಿಯ ಬೆಂಚು ಹೇಗಿದೆಯೆಂದು ನೋಡಿದ್ದು ಎಷ್ಟೋ ತಿಂಗಳ ಮೇಲೆ. ಅಲ್ಲಿಯವರೆಗೆ ನನ್ನ ಪಾಲಿಗೆ ಕಾಲೇಜು ಅಂದರೆ ಅಪ್ಪ ಕೊಡಿಸಿದ ಫೋನು. ಸಹಪಾಠಿಗಳು ಅಂದರೆ ಗ್ರೂಪಿನಲ್ಲಿ ಸಾಲಾಗಿ ಕಾಣುವ ದುಂಡು ದುಂಡು ಚಿತ್ರಗಳು. ಒಬ್ಬಳು ಬೆಕ್ಕು, ಒಬ್ಬ ಕ್ರಿಕೆಟ್ ಬ್ಯಾಟು, ಇನ್ನೊಬ್ಬಳು ಸಮುದ್ರದ ಕಡೆ ಮುಖ ಮಾಡಿ ನಿಂತ ಬೆನ್ನು. ನನ್ನದು ಗುಲಾಬಿ ಹೂವು. ಅದೂ ನಾನು ತೆಗೆದ ಫೋಟೊ ಅಲ್ಲ, ಫೋನಿನಲ್ಲಿ ಮೊದಲೇ ಇದ್ದದ್ದು.

ನಾವು ಬಾಗಲಕೋಟೆ ಕಡೆಯವರು. ನಾನು ಏಳನೇ ತರಗತಿ ಮುಗಿಸಿದಾಗ ಅಪ್ಪನಿಗೆ ಸಿಲ್ಕ್ ಬೋರ್ಡ್ ಹತ್ತಿರ ಒಂದು ಕೊರಿಯರ್ ಕಚೇರಿಯಲ್ಲಿ ಪಾರ್ಸೆಲ್ ವಿಂಗಡಿಸುವ ಕೆಲಸ ಸಿಕ್ಕಿತು. ಬಿಟಿಎಂ ಲೇಔಟಿನಲ್ಲಿ ಎರಡನೇ ಮಹಡಿಯ ಒಂದು ಬಾಡಿಗೆ ಮನೆಗೆ ಬಂದೆವು. ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಅಡುಗೆಮನೆ, ನಡುವೆ ಬಾಗಿಲಿಲ್ಲದ ಬಾಗಿಲು. ಅವ್ವ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಸುತ್ತಲಿನ ಪೀಜಿಗಳಿಗೂ ನಮ್ಮ ಕಡೆಯವರೊಬ್ಬರ ಖಾನಾವಳಿಗೂ ಕೊಡುತ್ತಿದ್ದಳು. ಪೀಜಿಗಳು ಅರ್ಧ ಖಾಲಿಯಾಗಿದ್ದ ಕಾಲ ಅದು. ಆದರೂ ಊರಿಗೆ ಹೋಗದೆ ಉಳಿದ ನಮ್ಮ ಕಡೆಯ ಹುಡುಗರಿಗೆ ಅವ್ವನ ರೊಟ್ಟಿಯೇ ಬೇಕು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಮ್ಮ ಮನೆಯಲ್ಲಿ ತಟ್ ತಟ್ ತಟ್ ಎಂಬ ಸದ್ದು ಇದ್ದೇ ಇರುತ್ತಿತ್ತು. ಅದು ನಿಂತರೆ ಮಾತ್ರ ನಾನು ತಲೆಯೆತ್ತಿ ನೋಡುತ್ತಿದ್ದೆ, ಅವ್ವನಿಗೆ ಏನಾಯಿತೋ ಎಂದು.

ಬೆಂಗಳೂರಿಗೆ ಬಂದು ಮೂರು ವರ್ಷವಾದರೂ ನನ್ನ ಮಾತು ಬದಲಾಗಿರಲಿಲ್ಲ. ಬದಲಾಗುವ ಕಾರಣವೂ ಇರಲಿಲ್ಲ. ನಾನು ಓದಿದ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಒಬ್ಬಳು ರಾಯಚೂರಿನವಳು, ಒಬ್ಬಳು ಮನೆಯಲ್ಲಿ ತೆಲುಗು ಆಡುವವಳು, ಇನ್ನೊಬ್ಬಳು ತಮಿಳು. ಯಾರ ಮಾತು ಸರಿ, ಯಾರದು ತಪ್ಪು ಎಂದು ನೋಡುವವರೇ ಇರಲಿಲ್ಲ. ನಾನು 'ಹೋಗಾಕತ್ತೀನಿ' ಅಂದರೆ ಅವರು 'ಹೋಗು' ಅನ್ನುತ್ತಿದ್ದರು, ಅಷ್ಟೇ.

ಪಿಯುಸಿಯಲ್ಲಿ ನನ್ನನ್ನು ಹೆದರಿಸಿದ್ದು ಇಂಗ್ಲಿಷ್. ಲೆಕ್ಚರರ್ ಪರದೆಯ ಮೇಲೆ ಮಾತಾಡಿ ಮುಗಿಸಿದಾಗ ನನ್ನ ಪುಸ್ತಕದಲ್ಲಿ ಅರ್ಧ ಪದಗಳ ಅರ್ಧ ಸ್ಪೆಲಿಂಗ್ ಇರುತ್ತಿತ್ತು. ಹಾಗಾಗಿ ಅದೇ ಪಾಠವನ್ನು ವಿಡಿಯೊಗಳಲ್ಲಿ ಹುಡುಕಿ ಮತ್ತೆ ಮತ್ತೆ ನೋಡುತ್ತಿದ್ದೆ. ಯಾವುದೋ ಊರಿನ ಒಬ್ಬ ಮೇಷ್ಟ್ರು, ಹಿಂದಿಯಲ್ಲಿ ಕೆಲವರು, ಕನ್ನಡದಲ್ಲಿ ಒಂದಿಬ್ಬರು. ಅರ್ಥವಾಗದ ಕಡೆ ನಿಲ್ಲಿಸು, ಹಿಂದಕ್ಕೆ ತಿರುಗಿಸು, ಮತ್ತೆ ಕೇಳು. ಕೈಯೆತ್ತಿ 'ಸಾರ್, ಇನ್ನೊಂದ್ಸಲ' ಎಂದು ಕೇಳಬೇಕಾದ ಸಂಕೋಚ ಇಲ್ಲ. ಹೀಗೆ ಕಲಿಯುವುದು ನನಗೆ ಒಗ್ಗಿತು. ರಸಾಯನಶಾಸ್ತ್ರದ ಮೋಲ್ ಕಾನ್ಸೆಪ್ಟ್ ಇಡೀ ತರಗತಿಗೆ ಕಬ್ಬಿಣದ ಕಡಲೆಯಾಗಿದ್ದಾಗ ನನಗೆ ಅದು ಒಂದು ಮಧ್ಯಾಹ್ನ ಪಟ್ಟನೆ ಹೊಳೆಯಿತು. ಹೊಳೆದ ಖುಷಿಗೆ ಎದ್ದು ಹೋಗಿ ಅವ್ವನಿಗೆ ಹೇಳಿದೆ. ಅವ್ವ, "ಚಲೋ ಆತು, ಈಗ ನೀರ ಹಿಡಿ" ಅಂದಳು.

ಅದೇ ವಾರ ಗ್ರೂಪಿನಲ್ಲಿ ಬೆಕ್ಕಿನ ಚಿತ್ರದವಳು ಬರೆದಳು: ಯಾರಿಗಾದರೂ ಮೋಲ್ ಅರ್ಥವಾಗಿದೆಯಾ, ನಾಳೆ ಟೆಸ್ಟು, ನಾನು ಸತ್ತೆ. ಯಾರೂ ಉತ್ತರ ಕೊಡಲಿಲ್ಲ. ನನಗೆ ಗೊತ್ತಿತ್ತು, ಆದರೆ ಇಂಗ್ಲಿಷಿನಲ್ಲಿ ಬರೆಯಲು ಭಯ. ಮೈಕಿನ ಗುರುತು ಒತ್ತಿ ಹಿಡಿದು ಮಾತಾಡಿಬಿಟ್ಟೆ. ಒಂದು ಡಜನ್ ಬಾಳೆಹಣ್ಣು ಅಂದರೆ ಎಷ್ಟು, ಒಂದು ಡಜನ್ ಮೊಟ್ಟೆ ಅಂದರೆ ಎಷ್ಟು, ತೂಕ ಬೇರೆಯಾದರೂ ಎಣಿಕೆ ಹೇಗೆ ಒಂದೇ ಎನ್ನುವಲ್ಲಿಂದ ಶುರುಮಾಡಿ ಚೆನ್ನಾಗಿಯೇ ವಿವರಿಸುತ್ತಿದ್ದೆ. ಇನ್ನೇನು ಮುಗಿಯಬೇಕು, ಅಡುಗೆಮನೆಯಿಂದ ಅವ್ವ ಕೂಗಿದಳು.

"ಏ, ಹಿಟ್ಟ ನಾದಿ ಕೊಡ ಬಾ ಅಂದ್ರ ಏನ್ ಮಾಡಾಕತ್ತಿ ಅಲ್ಲಿ?"

"ತಡಿ ಬೇ, ಮೋಲ್ ಹೇಳಾಕತ್ತೀನಿ!" ಅಂದೆ.

ರೊಟ್ಟಿಯ ಸದ್ದು ನಿಂತಿತು. "ಮೊಲಾ? ಮನ್ಯಾಗ ಮೊಲ ಎಲ್ಲಿಂದ ಬಂತ?"

ನಾನು ನಕ್ಕೆ. ನಗುತ್ತಲೇ ಉಳಿದ ಮಾತು ಮುಗಿಸಿ ಕಳಿಸಿದೆ. ಅಷ್ಟು ಚೆನ್ನಾಗಿ ಇನ್ನೊಮ್ಮೆ ಹೇಳಲು ಬರುತ್ತದೋ ಇಲ್ಲವೋ ಎಂದು ಅಳಿಸಲಿಲ್ಲ.

ಆ ಸಂಜೆ ಬೆಕ್ಕಿನ ಚಿತ್ರದವಳು ನನಗೊಬ್ಬಳಿಗೇ ಬರೆದಳು. ಈಗ ಅರ್ಥವಾಯಿತು, ನೀನು ದೇವತೆ, ನಿಮ್ಮಮ್ಮ ಸಖತ್ ಕ್ಯೂಟ್. ಹೀಗೆ ಗೆಳೆತನ ಶುರುವಾಯಿತು. ಅವಳ ಮನೆ ಜಯನಗರದಲ್ಲಿ, ಅಪ್ಪ ಅಮ್ಮ ಇಬ್ಬರೂ ಬ್ಯಾಂಕಿನವರು. ಅವಳು ನನ್ನ ಇಂಗ್ಲಿಷ್ ತಿದ್ದುತ್ತಿದ್ದಳು. ನಾನು ಅವಳಿಗೆ ಕೆಮಿಸ್ಟ್ರಿ ಹೇಳುತ್ತಿದ್ದೆ. ಅವಳ ಬೆಕ್ಕು ಫ್ರಿಜ್ಜಿನ ಮೇಲೆ ಮಲಗಿದ ಫೋಟೊ, ನಮ್ಮ ಟೆರೇಸಿನಿಂದ ಕಾಣುವ ಮಡಿವಾಳ ಕೆರೆಯ ಒಂದು ತುಣುಕಿನ ಫೋಟೊ, ಅವಳ ಅಜ್ಜಿಯ ಮೇಲಿನ ದೂರು, ನನ್ನ ಹಲ್ಲು ನೋವು. ಬೆಂಗಳೂರಿನಲ್ಲಿ ನನಗೆ ಸಿಕ್ಕ ಮೊದಲ ಆಪ್ತ ಗೆಳತಿ ಅವಳು. ಅವಳ ಎತ್ತರ ಎಷ್ಟೆಂದು ಮಾತ್ರ ನನಗೆ ಗೊತ್ತಿರಲಿಲ್ಲ.

ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಗ್ರೂಪ್ ತೆರೆದರೆ ಮೊಲಗಳು. ಬಿಳಿ ಮೊಲ, ಕನ್ನಡಕ ಹಾಕಿದ ಮೊಲ, ಕುಣಿಯುವ ಮೊಲ. ಒಂದರ ಕೆಳಗೊಂದು ಸ್ಟಿಕ್ಕರುಗಳು, ನಗುವ ಮುಖಗಳು. ಏನೆಂದು ತಿಳಿಯದೆ ಮೇಲಕ್ಕೆ ಸರಿಸುತ್ತಾ ಹೋದೆ. ಒಂದು ರೀಲ್ ಸಿಕ್ಕಿತು. ಒತ್ತಿದೆ.

ಮೊದಲು ತಟ್ ತಟ್ ತಟ್. ನಮ್ಮ ಮನೆಯ ಸದ್ದು. ಅದಕ್ಕೆ ಯಾರೋ ಡ್ರಮ್ಮು ಸೇರಿಸಿದ್ದರು. ಆಮೇಲೆ ನಾನು: ತಡಿ ಬೇ, ತಡಿ ಬೇ, ತ ತ ತಡಿ ಬೇ. ಆಮೇಲೆ ಅವ್ವ: ಮನ್ಯಾಗ ಮೊಲ ಎಲ್ಲಿಂದ ಬಂತ, ಬಂತ, ಬಂತ. ಪರದೆಯ ಮೇಲೆ ಯಾರೋ ಒಬ್ಬ ಹುಡುಗ ತಲೆಗೆ ಸೆರಗಿನಂತೆ ಟವೆಲ್ ಹೊದ್ದು ಕೈಯಲ್ಲಿ ತಟ್ಟೆ ಬಡಿಯುತ್ತಾ ಕುಣಿಯುತ್ತಿದ್ದ. ನಾನು ಅವನನ್ನು ಎಂದೂ ನೋಡಿರಲಿಲ್ಲ.

ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಲೇ ಇದ್ದಳು. ಕೈಯಲ್ಲಿದ್ದ ಫೋನಿನಲ್ಲೂ ಅದೇ ಸದ್ದು, ಬೆನ್ನ ಹಿಂದೆಯೂ ಅದೇ ಸದ್ದು. ರೀಲ್ ನಿಲ್ಲಿಸಿ ಮೆಟ್ಟಿಲ ಮೇಲೆ ಹೋಗಿ ಕೂತೆ.

ಬೆಕ್ಕಿನ ಚಿತ್ರದವಳಿಗೆ ಕರೆ ಮಾಡಿದೆ. "ಅದ್ನ ಯಾರ ಮಾಡಿದ್ರು?" ಅಂದೆ.

"ಸಾರಿ ಕಣೇ. ನಾನು ಬರೀ ನನ್ ಕಸಿನ್‌ಗೆ ಕಳ್ಸಿದ್ದೆ. ನಿಮ್ಮಮ್ಮ ಎಷ್ಟ್ ಮುದ್ದಾಗ್ ಹೇಳ್ತಾರೆ ನೋಡು ಅಂತ. ಅವ್ನು ಅದ್ರಲ್ಲಿ ಬೀಟ್ ಹಾಕ್ತಾನೆ ಅಂತ ನಂಗ್ ಹೇಗ್ ಗೊತ್ತಾಗ್ಬೇಕು?"

"ತೆಗ್ಯಾಕ ಹೇಳು."

"ಹೇಳ್ದೆ, ತೆಗ್ದ. ಆದ್ರೆ ಬೇರೆಯವ್ರು ಆಗ್ಲೇ ಡೌನ್‌ಲೋಡ್ ಮಾಡ್ಕೊಂಡು ಮತ್ತೆ ಹಾಕಿದ್ದಾರೆ. ಎಲ್ರೂ ಲೈಕ್ ಮಾಡ್ತಿದ್ದಾರೆ ಕಣೇ, ಯಾರೂ ಬೈತಿಲ್ಲ. ನಿಜವಾಗ್ಲೂ."

ಅವಳು ಸುಳ್ಳು ಹೇಳುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಅವಳಿಗೆ ಅವ್ವನ ಮಾತು ನಿಜಕ್ಕೂ ಮುದ್ದಾಗಿ ಕಂಡಿತ್ತು. ನನಗೆ ನೋವಾದದ್ದೂ ಅಲ್ಲೇ. ನನ್ನ ಮಾತು, ನನ್ನ ಅವ್ವನ ಮಾತು ಯಾರಿಗಾದರೂ ಮುದ್ದಾಗಿ ಕಾಣುವಂಥದ್ದು, ಬೆಕ್ಕಿನ ಮರಿ ಮುದ್ದಾಗಿರುವ ಹಾಗೆ, ಎಂದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ. ಅದು ಮಾತಷ್ಟೇ ಆಗಿತ್ತು. ಆ ದಿನ ಮೊದಲ ಸಲ ನನ್ನ ಕಿವಿಯಿಂದಲ್ಲ, ಅವರ ಕಿವಿಯಿಂದ ನನ್ನನ್ನು ಕೇಳಿಸಿಕೊಂಡೆ. ಒಮ್ಮೆ ಹಾಗೆ ಕೇಳಿದ ಮೇಲೆ ಹಳೆಯ ಕಿವಿ ವಾಪಸ್ಸು ಬರಲಿಲ್ಲ.

ಕೆಳಗಿನ ಕಾಮೆಂಟುಗಳನ್ನೂ ಓದಿದೆ. ಹಳ್ಳಿ ಗುಗ್ಗು ಎಂದು ಒಬ್ಬ. ಇದು ಯಾವ ಭಾಷೆ ಗುರು ಎಂದು ಇನ್ನೊಬ್ಬ. ನಡುನಡುವೆ ನಮ್ಮ ಕಡೆಯವರೂ ಇದ್ದರು. ನಮ್ಮವ್ವನ ದನಿ ಕೇಳಿದಂಗಾತು, ಊರ ನೆನಪಾತು ಎಂದು ಯಾರೋ ದುಬೈಯಿಂದಲೋ ಎಲ್ಲಿಂದಲೋ ಬರೆದಿದ್ದ. ಅದನ್ನು ಓದಿ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವನೂ ನಮ್ಮ ಹಾಗೆಯೇ ಮಾತಾಡುವವನು, ಅವನ ಮೆಚ್ಚುಗೆ ಯಾವ ಲೆಕ್ಕ ಎಂದು ನನ್ನ ಮನಸ್ಸು ಹೇಳಿತು. ಹಾಗೆ ಹೇಳಿದ್ದಕ್ಕೆ ನನಗೆ ಇಂದಿಗೂ ನಾಚಿಕೆ.

ಅವ್ವನಿಗೆ ಹೇಳಬಾರದು ಎಂದುಕೊಂಡಿದ್ದೆ. ಆದರೆ ನಮ್ಮ ಕೆಳಗಿನ ಮನೆಯಲ್ಲಿ ಓನರ್ ಆಂಟಿ ಇದ್ದರು. ಆ ಬೀದಿಯೆಲ್ಲ ಅವರ ಮಾವನ ಕಾಲದಲ್ಲಿ ರಾಗಿ ಹೊಲವಂತೆ. ಈಗ ಮೂರು ಕಟ್ಟಡ, ಕೆಳಗೆ ಹಾರ್ಡ್‌ವೇರ್ ಅಂಗಡಿ. ಅವರ ಸೊಸೆಯ ಕೈಯಲ್ಲಿ ದಿನವಿಡೀ ಫೋನೇ. ಒಂದು ಸಂಜೆ ಅವ್ವ ರೊಟ್ಟಿಯ ಕಟ್ಟು ಕೊಡಲು ಕೆಳಗೆ ಇಳಿದಾಗ ಆಕೆ ಕರೆದು, "ಆಂಟಿ, ಇಲ್ಲಿ ಬನ್ನಿ, ಇದು ನಿಮ್ ವಾಯ್ಸ್ ಅಲ್ವಾ?" ಎಂದು ತೋರಿಸಿದಳು.

ಅವ್ವ ಮೆಟ್ಟಿಲು ಹತ್ತಿ ಬಂದಾಗ ಅವಳ ಮುಖ ಅರಳಿತ್ತು. "ನೀ ಯಾಕ ಹೇಳಿಲ್ಲ ನನಗ? ನಾ ಟೀವ್ಯಾಗ ಬಂದಂಗಾತಲ್ಲ! ನನ್ನ ರೊಟ್ಟಿ ಸಪ್ಪಳಕ್ಕ ಕುಣ್ಯಾಕತ್ತಾನ ಆ ಹುಡುಗ!" ಎಂದು ಹೊಟ್ಟೆ ಹಿಡಿದು ನಕ್ಕಳು. ಅವಳಿಗೆ ತನ್ನ ತಪ್ಪು ಈಗ ಅರ್ಥವಾಗಿತ್ತು. ಮೋಲ್ ಅಂದರೆ ಮೊಲವಲ್ಲ ಎಂದು ಸೊಸೆ ಹೇಳಿದ್ದಳಂತೆ. ಅದಕ್ಕೇ ಇನ್ನೂ ಜಾಸ್ತಿ ನಗು. ಊರಿನಲ್ಲಿದ್ದ ನನ್ನ ಚಿಕ್ಕಮ್ಮನಿಗೆ ಕಳಿಸಲು ಹೇಳಿದಳು. ನಾನು ಕಳಿಸುವುದಿಲ್ಲವೆಂದಾಗ ಸೊಸೆಯ ಫೋನಿನಿಂದಲೇ ಕಳಿಸಿದಳು. ಅಪ್ಪನಿಗೆ ತೋರಿಸಿದಳು. ತರಕಾರಿ ಗಾಡಿಯವನಿಗೆ ಹೇಳಿದಳು. ಕೊತ್ತಂಬರಿ ಆರಿಸುತ್ತಾ ತಾನೇ 'ಮನ್ಯಾಗ ಮೊಲ' ಎಂದು ಆ ಧಾಟಿಯಲ್ಲಿ ಹೇಳಿಕೊಂಡು ನಗುತ್ತಿದ್ದಳು.

ನಾನು ನಾಲ್ಕೈದು ದಿನ ತಡೆದೆ. ಒಂದು ಮಧ್ಯಾಹ್ನ ಅವಳು ಮತ್ತೆ ಶುರುಮಾಡಿದಾಗ ಸಿಡಿದುಬಿಟ್ಟೆ.

"ಸಾಕ ಮಾಡ ಬೇ! ಅವರು ನಗಾಕತ್ತಾರ. ನಿನ್ನ ನೋಡಿ ನಗಾಕತ್ತಾರ. ನಮ್ಮ ಮಾತ ಹಳ್ಳಿ ಮಾತಂತ ಆಡ್ಕೊಳಾಕತ್ತಾರ. ತಿಳ್ಯಾಂಗಿಲ್ಲೇನ ನಿನಗ?"

ಅವ್ವ ಕೈಯಲ್ಲಿದ್ದ ಕೊತ್ತಂಬರಿ ಕಟ್ಟನ್ನು ಕೆಳಗಿಟ್ಟಳು. "ನಗಲಿ ಬಿಡು. ನಗೂ ಮಾತ ಐತಿ ಅದು" ಅಂದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ಅಳುತ್ತಿದ್ದೆ. ಅವಳ ಮುಖದಲ್ಲಿದ್ದ ನಗು ಒಮ್ಮೆಲೇ ಹೋಗಲಿಲ್ಲ. ಹೋಗಬೇಕೋ ಬೇಡವೋ ಎಂದು ತಿಳಿಯದವರ ಹಾಗೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಹೋಯಿತು.

"ನಿನಗ ಭಾಳ ತ್ರಾಸ ಆತೇನ?" ಎಂದು ಕೇಳಿದಳು.

ನಾನು ಎದ್ದು ಟೆರೇಸಿಗೆ ಹೋದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಕಾಲೇಜು ಬಾಗಿಲು ತೆರೆಯಿತು. ಒಂದು ದಿನ ಅರ್ಧ ತರಗತಿ ಬೆಂಚಿನ ಮೇಲೆ, ಉಳಿದರ್ಧ ಮನೆಯಲ್ಲಿ ಫೋನಿನ ಮುಂದೆ, ಮರುದಿನ ಅದಲುಬದಲು. ಎಲ್ಲರಿಗೂ ಮಾಸ್ಕು. ಮೊದಲ ದಿನ ನಾನು ಬಸ್ಸಿಳಿದು ಹೋಗಿ ಮೂರನೇ ಬೆಂಚಿನಲ್ಲಿ ಕೂತಾಗ ನನ್ನನ್ನು ಯಾರೂ ಗುರುತಿಸಲಿಲ್ಲ. ಗುಲಾಬಿ ಹೂವಿಗೆ ಮುಖವೆಲ್ಲಿ? ಒಂದು ಗಂಟೆ ಬಹಳ ಹಗುರವಾಗಿ ಕಳೆಯಿತು. ಪಕ್ಕದವಳು ಪೆನ್ ಕೇಳಿದಳು, ಕೊಟ್ಟೆ. ಕಿಟಕಿಯ ಹೊರಗೆ ದೊಡ್ಡ ಮರ, ಅದರ ಕೆಳಗೆ ಸ್ಕೂಟರುಗಳ ಸಾಲು. ಬೆಕ್ಕಿನ ಚಿತ್ರದವಳು ಇನ್ನೊಂದು ಗುಂಪಿನಲ್ಲಿದ್ದಳು, ಆ ದಿನ ಬಂದಿರಲಿಲ್ಲ.

ಕೆಮಿಸ್ಟ್ರಿ ಮೇಡಂ ಬಂದು ಒಂದು ಪ್ರಶ್ನೆ ಕೇಳಿ ನನ್ನ ಕಡೆ ಬೆರಳು ತೋರಿಸಿದರು. ಉತ್ತರ ಗೊತ್ತಿತ್ತು. ಎದ್ದು ನಿಂತು ಇಂಗ್ಲಿಷಿನಲ್ಲೇ ಶುರುಮಾಡಿದೆ. ನಡುವೆ ಒಂದು ಪದ ಸಿಗದೆ, "ಅಂದ್ರ ಮೇಡಂ, ಅದು..." ಅಂದುಬಿಟ್ಟೆ.

ಹಿಂದಿನ ಬೆಂಚಿನಲ್ಲಿ ಒಬ್ಬ ಮೆಲ್ಲಗೆ ಬೆಂಚು ಬಡಿದ. ತಟ್ ತಟ್ ತಟ್. "ಲೋ ಮಗಾ, ಮೊಲ ಇವ್ಳೇ ಕಣೋ!" ಎಂದು ಪಿಸುಗುಟ್ಟಿದ್ದು ಇಡೀ ಕೋಣೆಗೆ ಕೇಳಿಸಿತು. ಕೆಲವರು ತಿರುಗಿ ನೋಡಿದರು. ನಕ್ಕವರ ಬಾಯಿ ಕಾಣಲಿಲ್ಲ, ಕಣ್ಣು ಮಾತ್ರ ಕಂಡವು. ಮೇಡಮ್ಮಿಗೆ ಏನೂ ಅರ್ಥವಾಗದೆ, "ಸೈಲೆನ್ಸ್! ನೀನು ಹೇಳಮ್ಮ, ಕರೆಕ್ಟಾಗಿ ಹೇಳ್ತಿದ್ದೀಯ" ಅಂದರು. ನಾನು "ಗೊತ್ತಿಲ್ಲ ಮೇಡಂ" ಎಂದು ಕೂತೆ.

ಅದಾದ ಮೇಲೆ ವರ್ಷವಿಡೀ ನಾನು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಗ್ರೂಪಿನಲ್ಲಿ ಧ್ವನಿ ಕಳಿಸಲಿಲ್ಲ. ವಿಚಿತ್ರವೆಂದರೆ ನನ್ನನ್ನು ಕೇಳುವವರು ಕಡಿಮೆಯಾಗಲಿಲ್ಲ. ಟೆಸ್ಟಿನ ಹಿಂದಿನ ದಿನ ಒಬ್ಬೊಬ್ಬರೇ ಬರೆಯುತ್ತಿದ್ದರು: ಮೊಲ, ಪ್ಲೀಸ್, ಈ ಲೆಕ್ಕ ಹೇಳಿಕೊಡು. ಅವರಿಗೆ ಅದು ನನ್ನ ಹೆಸರೇ ಆಗಿತ್ತು, ಕೆಟ್ಟ ಉದ್ದೇಶವೇನೂ ಇರಲಿಲ್ಲ. ಬೆಂಚು ಬಡಿದವನೂ ಕೇಳಿದ. ನಾನು ಪೆನ್ನಿನಲ್ಲಿ ಬಿಡಿಸಿ, ಫೋಟೊ ತೆಗೆದು ಕಳಿಸುತ್ತಿದ್ದೆ. ಥ್ಯಾಂಕ್ಸ್ ಮೊಲ, ನೀನು ಸೂಪರ್ ಎಂದು ಉತ್ತರ ಬರುತ್ತಿತ್ತು. ಆಗೆಲ್ಲ ನನಗೆ ಸಂತೋಷವೂ ಆಗುತ್ತಿತ್ತು. ಆಮೇಲೆ ಆ ಸಂತೋಷವೇ ಅವಮಾನ ಅನ್ನಿಸುತ್ತಿತ್ತು.

ಮಾತು ಬದಲಿಸಲು ಕೂತೆ. ಮೋಲ್ ಕಲಿತ ಹಾಗೆಯೇ ಅದನ್ನೂ ಕಲಿತೆ. ಬೆಂಗಳೂರಿನ ಹುಡುಗಿಯರು ಅಡುಗೆ, ಬಟ್ಟೆ, ಸುತ್ತಾಟ ಎಂದು ಮಾಡುವ ವಿಡಿಯೊಗಳನ್ನು ಹಾಕಿಕೊಂಡು, ಟೆರೇಸಿನ ನೀರಿನ ಟ್ಯಾಂಕಿನ ಪಕ್ಕ ಕೂತು ಅವರ ಹಿಂದೆ ಹಿಂದೆ ಹೇಳುತ್ತಿದ್ದೆ. ಹೋಗ್ತಿದ್ದೀನಿ. ಮಾಡ್ತಿದ್ದೀನಿ. ಹೌದಾ? ಇಲ್ಲಪ್ಪ. ಫೋನಿನಲ್ಲಿ ನನ್ನ ದನಿ ಮುದ್ರಿಸಿ ಕೇಳುತ್ತಿದ್ದೆ. ಅವರದ್ದು ಜಾರಿಕೊಂಡು ಹೋಗುತ್ತಿತ್ತು, ನನ್ನದು ಎಲ್ಲೋ ಒಂದು ಕಡೆ ಮೊಳಕಾಲು ತರಚಿಕೊಳ್ಳುತ್ತಿತ್ತು. ಬರಬರುತ್ತಾ ಸರಿಹೋಯಿತು. ಎಷ್ಟು ಸರಿಹೋಯಿತೆಂದರೆ ಒಮ್ಮೆ ಚಿಕ್ಕಮ್ಮ ಫೋನು ಮಾಡಿದಾಗ ನಾನು "ಅಮ್ಮ ಸ್ನಾನಕ್ ಹೋಗಿದ್ದಾರೆ, ಆಮೇಲ್ ಮಾಡ್ತಾರೆ" ಅಂದೆ. ಚಿಕ್ಕಮ್ಮ "ರಾಂಗ್ ನಂಬರ್ ಬಿತ್ತ ಕಾಣಸ್ತೈತಿ, ತಪ್ಪ ತಿಳ್ಕೊಬ್ಯಾಡ್ರಿ" ಎಂದು ಇಟ್ಟುಬಿಟ್ಟಳು. ನಾನು ತಿರುಗಿ ಮಾಡಲಿಲ್ಲ.

ಈ ನಡುವೆ ನಮ್ಮ ಮನೆಯಲ್ಲಿ ಒಂದು ಬದಲಾವಣೆ ಆಗಿತ್ತು. ಅದು ನನ್ನ ಗಮನಕ್ಕೆ ಬಂದಿರಲಿಲ್ಲ. ಒಂದು ಮಧ್ಯಾಹ್ನ ಖಾನಾವಳಿಯ ಯಜಮಾನರು ನಮ್ಮ ಮನೆಗೆ ಬಂದರು. ಒಳ್ಳೆಯ ಮನುಷ್ಯ, ಎಂದೂ ಜೋರು ಮಾಡಿದವರಲ್ಲ. ಬಾಗಿಲಲ್ಲೇ ನಿಂತು, "ತಂಗಿ, ಬ್ಯಾಸರಾ ಮಾಡ್ಕೊಬ್ಯಾಡ. ರೊಟ್ಟಿ ಯಾಕೋ ಈಗೀಗ ದಪ್ಪ ಬರಾಕತ್ತಾವ. ಅಂಚ ಬಿರಿಸ ಆಗ್ತಾವ. ಹುಡುಗೂರು ಬಿಟ್ಟ ಏಳಾಕತ್ತಾರ. ಕೈನೋವೇನರ ಐತೇನ?" ಎಂದು ಕೇಳಿದರು.

ಅವ್ವ "ಹಂಗೇನಿಲ್ರಿ ಅಣ್ಣಾರ, ನಾಳಿಂದ ಬರೋಬ್ಬರಿ ಮಾಡಿ ಕೊಡ್ತೀನ್ರಿ" ಅಂದಳು.

ಅವರು ಹೋದ ಮೇಲೆ ಅಡುಗೆಮನೆಗೆ ಹೋದೆ. ರೊಟ್ಟಿ ಬಡಿಯುವ ಕಲ್ಲಿನ ಪಕ್ಕ ಹೊಸ ಮಣೆ, ಲಟ್ಟಣಿಗೆ. ಜೋಳದ ರೊಟ್ಟಿಯನ್ನು ಕೈಯಲ್ಲಿ ಬಡಿಯುವ ನನ್ನ ಅವ್ವ, ಮದುವೆಯಾಗಿ ಬಂದ ದಿನದಿಂದ ಬಡಿಯುತ್ತಿದ್ದ ಅವ್ವ, ಚಪಾತಿಯ ಹಾಗೆ ಲಟ್ಟಿಸುತ್ತಿದ್ದಳು. ಜೋಳದ ಹಿಟ್ಟು ಅದಕ್ಕೆ ಒಗ್ಗುವುದಿಲ್ಲ, ಅಂಚು ಸೀಳುತ್ತದೆ, ತೆಳ್ಳಗಾಗುವುದಿಲ್ಲ. ಅದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು.

"ಯಾಕ ಬೇ ಲಟ್ಟಸಾಕತ್ತಿ?" ಎಂದು ಕೇಳಿದೆ.

ಅವಳು ನನ್ನ ಕಡೆ ನೋಡದೆ ಹಿಟ್ಟು ತೆಗೆದುಕೊಂಡಳು. "ಬಡದ್ರ ಸಪ್ಪಳ ಆಕ್ಕೈತಿ. ನಿನ್ನ ಕ್ಲಾಸ್ ಇರ್ತೈತಿ, ಫೋನ್ ಚಾಲೂ ಇರ್ತೈತಿ. ಕೇಳಿದವ್ರು ಮತ್ತ ಏನರ ಅಂತಾರ."

ಎಷ್ಟು ದಿನದಿಂದ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಯೋಚಿಸಿದರೆ, ಎಷ್ಟೋ ಕಾಲದಿಂದ ಮನೆಯಲ್ಲಿ ಆ ಸದ್ದಿರಲಿಲ್ಲ. ನನ್ನನ್ನು ಅವಳು ಕೂಗಿ ಕರೆದೂ ಇರಲಿಲ್ಲ. ಏನಾದರೂ ಬೇಕಾದರೆ ಕೋಣೆಯವರೆಗೆ ಬಂದು ಕೈಸನ್ನೆ ಮಾಡುತ್ತಿದ್ದಳು. ರೊಟ್ಟಿಯ ಸದ್ದು ನಿಂತರೆ ತಲೆಯೆತ್ತಿ ನೋಡುತ್ತಿದ್ದ ನಾನು ಈ ಸಲ ನೋಡಿರಲಿಲ್ಲ. ಶಾಂತವಾಗಿದೆ, ಓದಲು ಒಳ್ಳೆಯದಾಯಿತು ಎಂದಷ್ಟೇ ಅಂದುಕೊಂಡಿದ್ದೆ.

"ಬಡಿ ಬೇ. ಯಾರೇನರ ಅನ್ಲಿ, ಬಡಿ" ಅಂದೆ.

"ಆತು" ಅಂದಳು. ಲಟ್ಟಣಿಗೆ ಬದಿಗಿಟ್ಟಳು. ಆದರೆ ಬಡಿದದ್ದು ಅಂಗೈಯ ಮೆತ್ತನೆಯ ಭಾಗದಿಂದ, ಪಕ್ಕದ ಮನೆಯ ಮಗು ಮಲಗಿದೆಯೇನೋ ಎಂಬ ಹಾಗೆ. ನಾನು ಅವಳ ಪಕ್ಕ ಕೂತು ಹಿಟ್ಟು ನಾದಿಕೊಟ್ಟೆ. ಕ್ಷಮಿಸು ಎನ್ನುವ ಮಾತು ನಮ್ಮ ಮನೆಯಲ್ಲಿ ಬಳಕೆಯಲ್ಲಿಲ್ಲ. ಅದನ್ನು ಯಾವ ಕನ್ನಡದಲ್ಲಿ ಹೇಳಬೇಕೆಂದೂ ನನಗೆ ತಿಳಿಯಲಿಲ್ಲ.

ಎರಡನೇ ಪಿಯುಸಿ ಮುಗಿಯಿತು. ಕೆಮಿಸ್ಟ್ರಿಯಲ್ಲಿ ಒಳ್ಳೆಯ ಅಂಕ ಬಂತು. ರೀಲನ್ನು ಜನ ಮರೆತರು; ಅದರ ಜಾಗದಲ್ಲಿ ಬೇರೆ ಯಾರದೋ ಅವ್ವ, ಬೇರೆ ಯಾರದೋ ತಾತ ಬಂದಿದ್ದರು. ನಾನೂ ಬೆಕ್ಕಿನ ಚಿತ್ರದವಳೂ ಬನಶಂಕರಿಯ ಒಂದೇ ಕಾಲೇಜಿನಲ್ಲಿ ಬಿಎಸ್ಸಿಗೆ ಸೇರಿದೆವು. ಅವಳು ನನಗಿಂತ ಗಿಡ್ಡ. ನಮ್ಮ ನಡುವೆ ಆ ರೀಲಿನ ಮಾತು ಬರುತ್ತಿರಲಿಲ್ಲ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಅವಳೇ ಎತ್ತಿದಳು.

"ನೀನು ನನ್ ಜೊತೆ ಮೊದಲಿನ್ ಥರ ಮಾತಾಡಲ್ಲ. ಗೊತ್ತಾ?" ಅಂದಳು.

"ಇಲ್ವಲ್ಲ, ಮಾತಾಡ್ತಿದ್ದೀನಲ್ಲ" ಅಂದೆ.

"ಅದೇ. ಇದು ನಿನ್ ಮಾತಲ್ಲ. ನನ್ನಿಂದ ಹಿಂಗಾಯ್ತು." ಅವಳ ಕಣ್ಣು ತುಂಬಿತ್ತು. "ನಿಮ್ಮನೇಗೆ ಬಂದು ನಿಮ್ಮಮ್ಮನ್ಗೆ ಸಾರಿ ಕೇಳ್ಬೇಕು."

"ಅದೆಲ್ಲ ಬೇಡ. ಊಟಕ್ಕೆ ಬಾ, ಸಾಕು" ಅಂದೆ.

ಬಂದಳು. ಒಂದು ಭಾನುವಾರ, ಕೈಯಲ್ಲಿ ಮಲ್ಲಿಗೆ ಹೂವು, ಒಂದು ಡಬ್ಬಿ ಚಿರೋಟಿ. ಅವ್ವ ಹೊಸ ಸೀರೆ ಉಟ್ಟಿದ್ದಳು. ಬಾಗಿಲಿಗೆ ಬಂದು ಕೈ ಮುಗಿದು ಅಂದಳು:

"ಬನ್ನಿ ಬನ್ನಿ. ಕೂತ್ಕೊಳ್ಳಿ. ಬಿಸಿಲಲ್ಲಿ ಬಂದಿದ್ದೀರಾ, ನೀರ್ ಕೊಡ್ಲಾ?"

ನಾನು ನಿಂತಲ್ಲೇ ನಿಂತೆ. ನನ್ನ ವಯಸ್ಸಿನ ಹುಡುಗಿಗೆ ಅವ್ವ 'ನೀವು' ಅನ್ನುತ್ತಿದ್ದಳು. ಅನ್ನುತ್ತಿದ್ದದ್ದು ಅವಳದಲ್ಲದ ಕನ್ನಡದಲ್ಲಿ, ಒಂದೊಂದೇ ಪದವನ್ನು ಬಿಸಿ ಪಾತ್ರೆಯಂತೆ ಎರಡೂ ಕೈಯಲ್ಲಿ ಹಿಡಿದು ಇಳಿಸುತ್ತಾ. ಊಟಕ್ಕೆ ಕೂತಾಗಲೂ ಅಷ್ಟೇ. "ನಾಚ್ಕೋಬೇಡಿ. ಇನ್ನೊಂದ್ ರೊಟ್ಟಿ ಹಾಕ್ಲಾ? ಪಲ್ಯ ಖಾರ ಆಯ್ತಾ?" ನಡುವೆ ಒಮ್ಮೆ 'ಐತಿ' ಎಂದು ನಾಲಗೆ ಜಾರಿತು, ತಕ್ಷಣ ನನ್ನ ಕಡೆ ನೋಡಿ "ಇದೆ, ಇದೆ" ಎಂದು ತಿದ್ದಿಕೊಂಡಳು. ಗೆಳತಿಗೆ ಅದು ತಿಳಿಯಲೇ ಇಲ್ಲ. ಬೆಂಗಳೂರಿನಲ್ಲಿ ಇಷ್ಟು ವರ್ಷವಿದ್ದು ಮಾತು ಹೀಗಾಗಿದೆ ಎಂದುಕೊಂಡಳೋ ಏನೋ. ಬಂದ ಕೆಲಸ ನೆನಪಾಗಿ, "ಆಂಟಿ, ಆವತ್ತು ಆ ವಿಡಿಯೊ..." ಎಂದು ಶುರುಮಾಡಿದಳು.

ಅವ್ವ ಮುಂದಕ್ಕೆ ಹೋಗಲು ಬಿಡಲಿಲ್ಲ. "ಅಯ್ಯೋ, ಅದ್ ಹೋಗ್ಲಿ ಬಿಡಿ. ಮಕ್ಳು, ತಮಾಷೆ ಮಾಡ್ತಾರೆ. ಊಟ ಮಾಡಿ."

ನನಗೆ ಅವ್ವನನ್ನು ನೋಡಲಾಗಲಿಲ್ಲ, ಗೆಳತಿಯನ್ನು ನೋಡಲಾಗಲಿಲ್ಲ. ತಟ್ಟೆಯಲ್ಲಿದ್ದ ಬದನೆಕಾಯಿ ಎಣಗಾಯಿಯನ್ನು ನೋಡುತ್ತಾ ಕೂತೆ. ಬೆಂಗಳೂರಿನ ಮಾತು ಕಲಿತು ನಾನು ನನ್ನನ್ನು ಉಳಿಸಿಕೊಂಡೆ ಎಂದುಕೊಂಡಿದ್ದೆ. ಅವ್ವ ಅದನ್ನು ಕಲಿತಿದ್ದು ತನ್ನನ್ನು ಉಳಿಸಿಕೊಳ್ಳಲು ಅಲ್ಲ.

ಗೆಳತಿಯನ್ನು ಬಸ್ಸು ಹತ್ತಿಸಿ ಬಂದೆ. ಅವ್ವ ನೆಲ ಒರೆಸುತ್ತಿದ್ದಳು. ಸೀರೆ ಬದಲಿಸಿದ್ದಳು.

"ಹೆಂಗ ಮಾತಾಡಿದೆ? ಬರೋಬ್ಬರಿ ಆತಿಲ್ಲ?" ಎಂದು ಕೇಳಿದಳು. "ಕೆಳಗಿನ ಸೊಸಿ ಕೂಡ ಕುಂತು ಕಲ್ತೇನಿ. ಆಕಿ ಒಂದೊಂದ ಹೇಳೂದು, ನಾ ಹೇಳೂದು. ನಿನ್ನ ಗೆಳತಿ ಮುಂದ ನೀ ತಲಿ ತಗ್ಗಿಸೂವಂಗ ಆಗಬಾರದು ಅಂತ."

ಆ ಕ್ಷಣದಲ್ಲಿ ನಾನು ಹೇಳಬಹುದಾಗಿದ್ದ ಮಾತುಗಳು ಬಹಳ ಇದ್ದವು. ಇನ್ನು ಮೇಲೆ ಯಾರ ಮುಂದೆಯೂ ಹಾಗೆ ಮಾತಾಡಬೇಡ ಅನ್ನಬಹುದಿತ್ತು. ಆದರೆ ಅವಳ ಮುಖದಲ್ಲಿ ಪರೀಕ್ಷೆ ಬರೆದು ಬಂದವರ ಬೆವರಿತ್ತು, ಎಷ್ಟು ಬಂದಿದೆಯೋ ಎಂಬ ಕಾತರವಿತ್ತು. ಆ ಉತ್ತರ ಪತ್ರಿಕೆಯನ್ನು ಹರಿದು ಹಾಕಲು ನನ್ನಿಂದ ಆಗಲಿಲ್ಲ.

"ಭಾಳ ಚಲೋ ಮಾತಾಡಿದಿ ಬೇ" ಅಂದೆ.

ಅವಳು ಸಮಾಧಾನವಾಗಿ ಒರೆಸುವ ಬಟ್ಟೆ ಹಿಂಡಿದಳು. ನಾನು ಅವಳ ಕೈಯಿಂದ ಬಕೆಟ್ಟು ತೆಗೆದುಕೊಂಡು ನೀರು ಚೆಲ್ಲಲು ಹೊರಗೆ ಹೋದೆ. ಕೆಳಗಿನ ಮನೆಯ ಸೊಸೆ ಬಟ್ಟೆ ಒಣಗಿಸುತ್ತಾ ನಿಂತಿದ್ದವಳು ತಲೆಯೆತ್ತಿ, "ಆಂಟಿ ಚೆನ್ನಾಗ್ ಮಾತಾಡಿದ್ರಾ?" ಎಂದು ಕೇಳಿದಳು. ನಾನು ತಲೆಯಾಡಿಸಿದೆ. ಅವಳಿಗೆ ಥ್ಯಾಂಕ್ಸ್ ಹೇಳಬೇಕೋ, ಏನು ಹೇಳಬೇಕೋ ತಿಳಿಯದೆ ನೀರು ಚೆಲ್ಲಿ ಒಳಗೆ ಬಂದೆ.